ಶಾಲೆಗಳ ವಿಲೀನ: ಉಳಿತಾಯವೆಷ್ಟು, ವೆಚ್ಚವೆಷ್ಟು?

2018ರ ಜುಲೈ 5ರಂದು ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ಮಂಡಿಸಿದ ರಾಜ್ಯ ಆಯವ್ಯಯದಲ್ಲಿ, ದಾಖಲಾತಿ ಕಡಿಮೆಯಿರುವ 28,847 ಸರ್ಕಾರಿ ಶಾಲೆಗಳನ್ನು ಒಂದು ಕಿಲೋಮೀಟರ್ ವ್ಯಾಪ್ತಿಯೊಳಗಿನ 8,530 ಶಾಲೆಗಳೊಂದಿಗೆ ವಿಲೀನಗೊಳಿಸುವ ಪ್ರಸ್ತಾವವಿತ್ತು. ರೈತರ ಸಾಲಮನ್ನಾದ ಭಾರವನ್ನು ಹೊತ್ತಿದ್ದ ಆಯವ್ಯಯವದು. ಸಾಹಿತಿಗಳೂ ಕನ್ನಡಪರ ಸಂಘಟನೆಗಳೂ ವಿರೋಧ ವ್ಯಕ್ತಪಡಿಸಿದ ತರುವಾಯ ಆ ಪ್ರಮಾಣದ ವಿಲೀನ ನಡೆಯಲಿಲ್ಲ. ಆದರೂ ವಿಚಾರವು ಮರೆಯಾಗಿಲ್ಲ. ಕರ್ನಾಟಕ ಪಬ್ಲಿಕ್ ಶಾಲೆಗಳ ವಿಸ್ತರಣೆಯೊಂದಿಗೆ 2025ರಲ್ಲಿ ಅದು ಪುನಃ ಚರ್ಚೆಗೆ ಬಂದಿತು. ನಷ್ಟದ ಮಳಿಗೆಯನ್ನು ಮುಚ್ಚಿ ಪಕ್ಕದ ಮಳಿಗೆಯೊಡನೆ ಸೇರಿಸುವುದು ವ್ಯಾಪಾರಿಗಳಿಗೆ ಪರಿಚಿತವಾದ ಕ್ರಮ. ಶಾಲೆಗಳ ವಿಷಯದಲ್ಲಿ ಆ ಲೆಕ್ಕ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದು ಪರಿಶೀಲನಾರ್ಹವಾಗಿದೆ.

ಮೊದಲಿಗೆ ಹಣದ ಮೂಲ. ಅಮೆರಿಕದಲ್ಲಿ ಶಾಲಾ ಜಿಲ್ಲೆಗಳಿಗೆ ಸ್ಥಳೀಯ ಆಸ್ತಿ ತೆರಿಗೆಯ ಆದಾಯವಿದ್ದು, ಕೊರತೆಯೂ ಸ್ಥಳೀಯವೇ ಆಗಿರುತ್ತದೆ. ಷಿಕಾಗೋ ನಗರವು 2013ರಲ್ಲಿ ಸುಮಾರು 50 ಶಾಲೆಗಳನ್ನು ಮುಚ್ಚಿದ್ದು ಅಂತಹ ಕೊರತೆಯ ಕಾರಣ ನೀಡಿಯೇ. ನಮ್ಮಲ್ಲಿ ಶಿಕ್ಷಕರ ವೇತನ ರಾಜ್ಯದ ಬೊಕ್ಕಸದಿಂದ ಬರುತ್ತದೆ. ಸಮಗ್ರ ಶಿಕ್ಷಾ ಯೋಜನೆಯ ವೆಚ್ಚವನ್ನು ಕೇಂದ್ರ ಹಾಗೂ ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ. ಆದುದರಿಂದ ಒಂದು ಬಡಾವಣೆಯ ಶಾಲೆ ಮುಚ್ಚಿದರೆ ಆ ಬಡಾವಣೆಗೆ ಉಳಿಯುವ ಹಣವೆಂಬುದಿಲ್ಲ.

ಒಂದು ಉದಾಹರಣೆಯನ್ನು ಗಮನಿಸಬಹುದು. 15, 18 ಮತ್ತು 22 ಮಕ್ಕಳಿರುವ ಮೂರು ಕಿರಿಯ ಪ್ರಾಥಮಿಕ ಶಾಲೆಗಳಿವೆಯೆನ್ನೋಣ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಬೇಕು. ಬೇರೆ ಬೇರೆಯಾಗಿದ್ದಾಗ ಆರು ಜನ; ಸೇರಿಸಿದಾಗ 55 ಮಕ್ಕಳಿಗೆ ಇಬ್ಬರು. ಉಳಿದ ನಾಲ್ವರು ಖಾಯಂ ನೌಕರರಾದ್ದರಿಂದ ಅವರ ವೇತನ ನಿಲ್ಲುವುದಿಲ್ಲ. ಖಾಲಿ ಹುದ್ದೆಯಿರುವ ಮತ್ತೊಂದು ಶಾಲೆಗೆ ಅವರು ವರ್ಗವಾಗುತ್ತಾರೆ. ಅಲ್ಲಿ ಅತಿಥಿ ಶಿಕ್ಷಕರಿಗೆ ಕೊಡಬೇಕಾಗಿದ್ದ ಗೌರವಧನ ಉಳಿಯುತ್ತದೆ, ಹೊಸ ನೇಮಕಾತಿ ಮುಂದಕ್ಕೆ ಹೋಗುತ್ತದೆ. ನಿಜವಾದ ಉಳಿತಾಯ ಇಷ್ಟೇ. ಸಮಗ್ರ ಶಿಕ್ಷಾದ ವಾರ್ಷಿಕ ಶಾಲಾ ಅನುದಾನವನ್ನು ನೋಡಿದರೆ, 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, 100ರವರೆಗಿನ ಶಾಲೆಗೆ 25,000 ರೂಪಾಯಿ. ಮೂರು ಶಾಲೆಗಳಿಗೆ ಹೋಗುತ್ತಿದ್ದ 30,000ದ ಬದಲು 25,000. ಅಂದರೆ ವರ್ಷಕ್ಕೆ 5,000 ರೂಪಾಯಿ. ಬಿಸಿಯೂಟದಲ್ಲಿ 25 ಮಕ್ಕಳವರೆಗೆ ಒಬ್ಬ ಅಡುಗೆಯವರು, 100ರವರೆಗೆ ಇಬ್ಬರು. ಮೂವರಲ್ಲಿ ಒಬ್ಬ ಮಹಿಳೆಯ ಕೆಲಸ ಹೋಗುತ್ತದೆ. ಬೆಂಗಳೂರಿನಲ್ಲಂತೂ ಎಷ್ಟೋ ಶಾಲೆಗಳಿಗೆ ಕೇಂದ್ರೀಕೃತ ಅಡುಗೆಮನೆಯಿಂದ ಊಟ ಬರುವುದರಿಂದ ಈ ಉಳಿತಾಯವೂ ಇಲ್ಲ.

ಇನ್ನು ವೆಚ್ಚದ ಬದಿ. ದೂರದ ಮಕ್ಕಳಿಗೆ ಸಾರಿಗೆ ಭತ್ಯೆ ಕೊಡಬೇಕಾಗಿ ಬಂದರೆ ಅದರ ಮಿತಿ ಮಗುವೊಂದಕ್ಕೆ ವರ್ಷಕ್ಕೆ 6,000 ರೂಪಾಯಿ. ಕೇವಲ 20 ಮಕ್ಕಳಿಗೆ ಕೊಟ್ಟರೂ 1,20,000 ರೂಪಾಯಿ. ಕೊಡದಿದ್ದರೆ ಆ ಹೊರೆ ಪಾಲಕರ ಮೇಲೆ ಬೀಳುತ್ತದೆ. ಸರ್ಕಾರದ ಲೆಕ್ಕಪತ್ರದಲ್ಲಿ ಅದು ಕಾಣಿಸುವುದಿಲ್ಲ, ಅಷ್ಟೇ.

ವಿಲೀನದ ಪರವಾದ ವಾದವನ್ನೂ ತಳ್ಳಿಹಾಕಲಾಗದು. ಇಬ್ಬರು ಶಿಕ್ಷಕರು ಐದು ತರಗತಿಗಳನ್ನು ನಿಭಾಯಿಸುವ ಶಾಲೆಯಲ್ಲಿ ಒಬ್ಬರು ತರಬೇತಿಗೋ ಚುನಾವಣಾ ಕರ್ತವ್ಯಕ್ಕೋ ಹೋದರೆ ಪಾಠ ನಿಂತಂತೆಯೇ. ದೊಡ್ಡ ಶಾಲೆಯಲ್ಲಿ ತರಗತಿಗೊಬ್ಬ ಶಿಕ್ಷಕರಿರಲು ಸಾಧ್ಯ. ಆದರೆ ಅದೇ ಅನುಸೂಚಿಯಂತೆ ಐದನೆಯ ಶಿಕ್ಷಕರು ಬರುವುದು ಮಕ್ಕಳ ಸಂಖ್ಯೆ 120ನ್ನು ದಾಟಿದ ಮೇಲೆ. ಪ್ರತ್ಯೇಕ ಮುಖ್ಯೋಪಾಧ್ಯಾಯರು 150ನ್ನು ದಾಟಿದ ಮೇಲೆ. ಮೇಲಿನ ಉದಾಹರಣೆಯಲ್ಲಿ ಮೂರು ಶಾಲೆ ಸೇರಿಸಿದರೂ ದೊರೆತದ್ದು ಮತ್ತೊಂದು ಇಬ್ಬರು ಶಿಕ್ಷಕರ ಶಾಲೆಯೇ! ಚಿಕ್ಕದಕ್ಕೆ ಚಿಕ್ಕದನ್ನು ಸೇರಿಸುವ ವಿಲೀನದಿಂದ ಬೊಕ್ಕಸಕ್ಕೂ ಬೋಧನೆಗೂ ಹೇಳಿಕೊಳ್ಳುವಂತಹ ಲಾಭವಿಲ್ಲ. ರಾಜಸ್ಥಾನವು 2014ರಲ್ಲಿ ಸುಮಾರು 17,000 ಶಾಲೆಗಳನ್ನು ವಿಲೀನಗೊಳಿಸಿ, ಮುಂದೆ ಕೆಲವನ್ನು ಮತ್ತೆ ಬೇರ್ಪಡಿಸಬೇಕಾಯಿತು. ಚೀನಾ 2001ರಲ್ಲಿ ಆರಂಭಿಸಿದ ಗ್ರಾಮೀಣ ಶಾಲೆಗಳ ವಿಲೀನಕ್ಕೆ 2012ರಲ್ಲಿ ತಡೆಹಾಕಿತು. ಮಕ್ಕಳ ದೂರದ ಪ್ರಯಾಣವೇ ಅಲ್ಲಿನ ದೊಡ್ಡ ಆಕ್ಷೇಪವಾಗಿತ್ತು.

ನಗರದಲ್ಲಿ ದೂರದ ಪ್ರಶ್ನೆ ಬೇರೆ ರೂಪ ತಾಳುತ್ತದೆ. ಒಂದರಿಂದ ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರ್ ಒಳಗೆ ಶಾಲೆಯಿರಬೇಕೆಂಬುದು ಶಿಕ್ಷಣ ಹಕ್ಕಿನ ನಿಯಮ. ಸಾರಕ್ಕಿಯಲ್ಲಿ ಒಂದು ಕಿಲೋಮೀಟರ್ ಎಂದರೇನು? ಹಳೆಯ ಹಳ್ಳಿಯ ಓಣಿಗಳನ್ನು ಬಡಾವಣೆಗಳು ಸುತ್ತುವರಿದಿವೆ. ಕನಕಪುರ ರಸ್ತೆ ಮತ್ತು ಹೊರ ವರ್ತುಲ ರಸ್ತೆ ಸಾರಕ್ಕಿ ಸಿಗ್ನಲ್‌ನಲ್ಲಿ ಕೂಡುತ್ತವೆ. ನಕ್ಷೆಯ ಮೇಲೆ 600 ಮೀಟರ್ ಇರುವ ಶಾಲೆಯೂ ಆರು ವರ್ಷದ ಮಗುವಿಗೆ ದೊಡ್ಡವರ ಕೈಹಿಡಿದು ರಸ್ತೆ ದಾಟಬೇಕಾದ ಶಾಲೆಯಾಗುತ್ತದೆ. ಆ ದೊಡ್ಡವರು ಸಾರಕ್ಕಿ ಮಾರುಕಟ್ಟೆಯಲ್ಲಿ ತರಕಾರಿ ಮಾರುವವರು, ಕೈಗಾರಿಕಾ ಬಡಾವಣೆಯ ಕಾರ್ಯಾಗಾರಗಳಲ್ಲಿ ದುಡಿಯುವವರು, ಮನೆಗೆಲಸದವರು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಅವರ ದುಡಿಮೆಯಿಂದ ಕಳೆಯುತ್ತದೆ. ಬೇಸತ್ತವರು ಸಾಲ ಮಾಡಿಯಾದರೂ ಸಮೀಪದ ಖಾಸಗಿ ಶಾಲೆಗೆ ಸೇರಿಸುತ್ತಾರೆ. ಆಗ ವಿಲೀನಗೊಂಡ ಶಾಲೆಯ ದಾಖಲಾತಿ ಮತ್ತೆ ಕುಸಿದು ಮುಂದಿನ ವಿಲೀನಕ್ಕೆ ಕಾರಣ ಸಿದ್ಧವಾಗುತ್ತದೆ. ಸಣ್ಣ ಉದ್ದಿಮೆದಾರರಿಗೆ ಇದು ನೇರವಾಗಿ ಸಂಬಂಧಿಸಿದ ಸಂಗತಿ.

ಖಾಲಿಯಾದ ಕಟ್ಟಡದ ಪ್ರಶ್ನೆ ಪ್ರತ್ಯೇಕ. ರಾಜ್ಯದಲ್ಲಿ ದಾನಿಗಳು ನೀಡಿದ ಅನೇಕ ಶಾಲಾ ನಿವೇಶನಗಳು ಇಲಾಖೆಯ ಹೆಸರಿಗೆ ನೋಂದಣಿಯಾಗದೆ ಉಳಿದಿವೆ. ದಕ್ಷಿಣ ಬೆಂಗಳೂರಿನಂತಹ ಕಡೆ ಅಂತಹ ಜಾಗ ಒಮ್ಮೆ ಕೈತಪ್ಪಿದರೆ ಮತ್ತೆ ಕೊಳ್ಳುವುದು ಯಾವ ಇಲಾಖೆಗೂ ಸುಲಭವಲ್ಲ.

ಶಿಕ್ಷಣ ಹಕ್ಕು ಕಾಯಿದೆಯ 22ನೇ ಪ್ರಕರಣದಂತೆ ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಶಾಲಾ ಸಮಿತಿಯ ಕೆಲಸ. ಅದರ ಸದಸ್ಯರಲ್ಲಿ ಮುಕ್ಕಾಲು ಭಾಗ ಪಾಲಕರಿರಬೇಕು. ಮಕ್ಕಳು ನಡೆದು ಬರುವ ದಾರಿ, ದಾಟುವ ರಸ್ತೆ, ನಿವೇಶನದ ದಾಖಲೆ ಇವುಗಳನ್ನು ಆ ಯೋಜನೆಯಲ್ಲೇ ನಮೂದಿಸಿದರೆ ವಿಲೀನದ ಕಡತ ಬಂದಾಗ ಇಲಾಖೆಯ ಮುಂದಿಡಲು ಲಿಖಿತ ಆಧಾರವಿರುತ್ತದೆ. 2013ರ ಕಂಪನಿ ಕಾಯಿದೆಯ 135ನೇ ಪ್ರಕರಣದ ವ್ಯಾಪ್ತಿಗೆ ಬರುವ ಸಂಸ್ಥೆಗಳು ತಮ್ಮ ಸರಾಸರಿ ಲಾಭದ ಶೇ. 2ರ ಪಾಲನ್ನು ಶಿಕ್ಷಣಕ್ಕೂ ವಿನಿಯೋಗಿಸಬಹುದಾಗಿದ್ದು, ಶಾಲೆಗೆ ಕೊಠಡಿ ಕಟ್ಟಿಸಿಕೊಡುವ ಮುನ್ನ ಆ ಶಾಲೆ ವಿಲೀನದ ಪಟ್ಟಿಯಲ್ಲಿದೆಯೇ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು.