ಕಾರಿನ ಹಾಡಲ್ಲಿ ‘ಸ’ ಬೇರೆ, ‘ಶ’ ಬೇರೆ ಕೇಳಬೇಕು

ಮಲೇಷ್ಯಾದಲ್ಲಿ ಕಾರಿಗೆ ಸೌಂಡ್ ಸಿಸ್ಟಮ್ ಹಾಕಿಸೋದು ಅಂದ್ರೆ ನಮ್ಮೂರಲ್ಲಿ ಹಬ್ಬಕ್ಕೆ ಮನೆಗೆ ಸುಣ್ಣ ಬಳಿಸಿದ ಹಾಗೆ. ಮಾಡಿಸದಿದ್ರೆ ಯಾರೂ ಬೈಯಲ್ಲ, ಆದ್ರೂ ಎಲ್ಲರೂ ಮಾಡಿಸ್ತಾರೆ. 2005ರಲ್ಲಿ ಬಂದ ಪೆರೊಡುವಾ ಮೈವಿ ಅನ್ನೋ ಪುಟ್ಟ ಕಾರು ಇಲ್ಲಿ ಎಲ್ಲಿ ನೋಡಿದರಲ್ಲಿ ಕಾಣುತ್ತೆ. ಸಿಗ್ನಲ್ಲಲ್ಲಿ ಪಕ್ಕಕ್ಕೆ ಬಂದು ನಿಂತ ಮೈವಿಯ ನಂಬರ್ ಪ್ಲೇಟು ಗಡಗಡ ಅಂತ ನಡುಗ್ತಾ ಇರುತ್ತೆ. ಒಳಗೆ ಯಾವ ಹಾಡು ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಒಳಗೆ ಕೂತವರಿಗಾದ್ರೂ ಗೊತ್ತಾಗುತ್ತೋ ಇಲ್ವೋ, ದೇವರೇ ಬಲ್ಲ!

ನಾನು ಹೇಳಹೊರಟಿರೋದು ಆ ಸೌಂಡ್ ಬಗ್ಗೆ ಅಲ್ಲ. ಹಾಡಿನ ಮಾತು ಬಿಡಿಬಿಡಿಯಾಗಿ ಕೇಳಬೇಕು, ವೀಣೆ ವೀಣೆಯ ಹಾಗೇ ಇರಬೇಕು, ಹಾಡುವವರು ನಮ್ಮೆದುರಿಗೇ ಕೂತಿದ್ದಾರೆ ಅನ್ನಿಸಬೇಕು. ಅದಕ್ಕೆ ಏನು ಮಾಡಬೇಕು ಅನ್ನೋದು ಇವತ್ತಿನ ವಿಷಯ.

ಇದೆಲ್ಲಾ ಯಾಕೆ ಬೇಕು ಅಂತೀರಾ? ನಮ್ಮಂಥವರಿಗೆ ಇಲ್ಲಿ ಕಾರೇ ಸಂಗೀತದ ಕೋಣೆ. ಮನೆ ಅಂದ್ರೆ ಹತ್ತನೇ ಮಹಡಿಯ ಅಪಾರ್ಟ್‌ಮೆಂಟು, ಗೋಡೆಯಾಚೆ ಬೇರೆಯವರ ಮಗು ಮಲಗಿರುತ್ತೆ. ರೇಡಿಯೋ ಹಾಕಿದ್ರೆ ಮಲಯ್, ಚೀನೀ, ಇಂಗ್ಲಿಷ್. ತಮಿಳಿಗೆ ಸರ್ಕಾರಿ ಮಿನ್ನಲ್ ಎಫ್‌ಎಂ ಇದೆ, ಖಾಸಗಿ ರಾಗಾ ಇದೆ. ಕನ್ನಡ ಬೇಕು ಅಂದ್ರೆ ನಾವೇ ಹೊತ್ಕೊಂಡು ಬರಬೇಕು. ಕೌಲಾಲಂಪುರದಿಂದ ಸೈಬರ್‌ಜಯಕ್ಕೆ ಕೆಲಸಕ್ಕೆ ಹೋಗೋ ಸಾಫ್ಟ್‌ವೇರಿನವರಿಗೆ ಎಮ್ಇಎಕ್ಸ್ ಹೆದ್ದಾರಿಯ 26 ಕಿಲೋಮೀಟರ್ ದಿನಾ ಗಟ್ಟಿ. ಹೋಗ್ತಾ ಬರ್ತಾ ಆ ಹೊತ್ತಿನಲ್ಲಿ ಕಿವಿಗೆ ಬೀಳೋದೇ ನಮ್ಮ ಪಾಲಿನ ಕನ್ನಡ. ಅದೂ ಮುಸುಕು ಮುಸುಕಾಗಿ ಕೇಳಿದ್ರೆ ಹೊಟ್ಟೆ ಉರಿಯುತ್ತೆ ಸ್ವಾಮಿ.

ಅಂಗಡಿಗೆ ಹೋದ್ರೆ ಎಲ್ಲ ಪ್ರಶ್ನೆಗೂ ಒಂದೇ ಉತ್ತರ, ‘ಇನ್ನೊಂದು ಹಾಕ್ಸಿ’. ಬಾಸ್ ಸಾಲ್ತಾ ಇಲ್ವಾ? ದೊಡ್ಡ ಸಬ್‌ವೂಫರ್. ಮಾತು ಕೇಳ್ತಾ ಇಲ್ವಾ? ದುಬಾರಿ ಟ್ವೀಟರ್. ಅದೂ ಸಾಲ್ದಾ? ಇನ್ನೊಂದು ಆಂಪ್ಲಿಫಯರ್. ಆದ್ರೆ ಕಾರಿನ ಸದ್ದು ಕೆಟ್ಟಿರೋದು ಸಾಮಾನ್ಯವಾಗಿ ಸಾಮಾನು ಕಮ್ಮಿ ಆಗಿ ಅಲ್ಲ, ಇರೋ ಸಾಮಾನು ಒಂದಕ್ಕೊಂದು ಜಗಳ ಆಡ್ತಾ ಇರೋದ್ರಿಂದ. ಆ ಜಗಳ ಬಿಡಿಸೋದಕ್ಕೇ ಟ್ಯೂನಿಂಗ್ ಅನ್ನೋದು. ಅದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಬೇಕಾಗಿರೋದು ಒಂದು ಶನಿವಾರ.

ಮೊದಲು ಬಾಗಿಲು. ಸ್ಪೀಕರ್ ಕೋನು ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದೆ ಅದೇ ಗಾಳಿಯನ್ನ ಎಳೆಯುತ್ತೆ. ಮುಂದಿನ ಅಲೆ, ಹಿಂದಿನ ಅಲೆ ಎರಡೂ ಒಂದನ್ನೊಂದು ಸೇರಿದ್ರೆ ಬಾಸ್ ಖಲಾಸ್. ಕಾರಿನ ಬಾಗಿಲಿನ ಒಳತಗಡಿನಲ್ಲಿ ಅಂಗೈ ತೂರುವಷ್ಟು ದೊಡ್ಡ ತೂತುಗಳಿರುತ್ತವೆ, ಮೇಲೊಂದು ತೆಳು ಪ್ಲಾಸ್ಟಿಕ್ಕು ಅಷ್ಟೇ. ಆ ತೂತು ಮುಚ್ಚಿ, ತಗಡಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿದ್ರೆ ಅದೇ ಸ್ಪೀಕರಿನಿಂದ ಬೇರೆಯೇ ದನಿ ಬರುತ್ತೆ. ಶೀಟು ಬ್ಯುಟೈಲ್ ರಬ್ಬರಿನದ್ದೇ ಆಗಲಿ. ಟಾರಿನ ಜಾತಿಯ ಅಗ್ಗದ ಶೀಟು ಇಲ್ಲಿನ ಬಿಸಿಲಿಗೆ ಮೆತ್ತಗಾಗಿ ಜಾರುತ್ತೆ, ವಾಸನೆ ಬೇರೆ. ಇನ್ನೊಂದು ಮಾತು, ಕಿಟಕಿಯ ರಬ್ಬರ್ ಪಟ್ಟಿ ದಾಟಿ ಮಳೆ ನೀರು ಬಾಗಿಲೊಳಗೆ ಇಳಿಯೋದು ಸಹಜ, ಅದು ಹೊರಗೆ ಹೋಗೋದಕ್ಕೆ ಬಾಗಿಲಿನ ತಳದಲ್ಲಿ ಸಣ್ಣ ಕಿಂಡಿಗಳಿವೆ. ಅವನ್ನ ಮಾತ್ರ ಮುಚ್ಚಬೇಡಿ. ಕೌಲಾಲಂಪುರದಲ್ಲಿ ಮಧ್ಯಾಹ್ನದ ಮಳೆ ಹೇಗೆ ಹುಯ್ಯುತ್ತೆ ಅಂತ ಇಲ್ಲಿದ್ದವರಿಗೆ ಹೇಳಬೇಕಾಗಿಲ್ಲ, ಬಾಗಿಲು ಮೀನಿನ ತೊಟ್ಟಿ ಆಗಿಬಿಡುತ್ತೆ!

ಆಮೇಲೆ ಪ್ಲಸ್ಸು, ಮೈನಸ್ಸು. ಎರಡು ಸ್ಪೀಕರಲ್ಲಿ ಒಂದರ ತಂತಿ ತಿರುಗುಮುರುಗಾಗಿದ್ರೆ ಒಂದು ಕೋನು ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತೆ. ಆಗ ಬಾಸ್ ಸತ್ತಿರುತ್ತೆ, ಹಾಡುವವರ ದನಿ ಎಲ್ಲಿಂದ ಬರ್ತಿದೆ ಅಂತಲೇ ತಿಳಿಯಲ್ಲ. ಪರೀಕ್ಷೆ ಸುಲಭ. ವೂಫರಿನ ಎರಡೂ ತಂತಿಯನ್ನ ಆಂಪಿನಿಂದ ಬಿಚ್ಚಿ, ಗೋಡೆ ಗಡಿಯಾರಕ್ಕೆ ಹಾಕೋ 1.5 ವೋಲ್ಟ್ ಸೆಲ್ಲನ್ನ ಒಂದೇ ಒಂದು ಕ್ಷಣ ತಾಗಿಸಿ. ಸೆಲ್ಲಿನ ಪ್ಲಸ್ಸು ಸ್ಪೀಕರಿನ ಪ್ಲಸ್ಸಿಗೆ ತಾಗಿದಾಗ ಕೋನು ಹೊರಗೆ ಬರಬೇಕು. ಸೆಲ್ಲಿನ ಬೆಲೆಗೆ ಇಷ್ಟು ದೊಡ್ಡ ರೋಗ ಪತ್ತೆ ಆಗುತ್ತೆ ನೋಡಿ. (ಟ್ವೀಟರಿಗೆ ಈ ಪ್ರಯೋಗ ಬೇಡ, ಅದು ಸೂಕ್ಷ್ಮ.)

ಮೂರನೆಯದು ಗೇನ್. ಆಂಪಿನ ಮೇಲೆ ಇರೋ ಈ ತಿರುಪು ವಾಲ್ಯೂಮ್ ಅಲ್ಲ ಅನ್ನೋದನ್ನ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಬೇಕು. ಹೆಡ್ ಯೂನಿಟ್ಟಿನಿಂದ ಬರೋ ಸಿಗ್ನಲ್ ಎರಡು ವೋಲ್ಟೋ ನಾಲ್ಕು ವೋಲ್ಟೋ, ಅದಕ್ಕೆ ಆಂಪನ್ನ ಹೊಂದಿಸೋದಷ್ಟೇ ಇದರ ಕೆಲಸ. ಜಾಸ್ತಿ ತಿರುಗಿಸಿದ್ರೆ ಅಲೆಯ ತಲೆ, ಬುಡ ಎರಡೂ ಕತ್ತರಿಸಿ ಹೋಗುತ್ತೆ. ಇದೇ ಕ್ಲಿಪ್ಪಿಂಗ್. ಜೋರು ಹಾಡಲ್ಲಿ ಗೊಗ್ಗರು ದನಿ ಬರೋದು, ಟ್ವೀಟರ್ ಸುಡೋದು ಹೆಚ್ಚಾಗಿ ಇದರಿಂದಲೇ.

ಸರಿಯಾದ ಜಾಗ ಕಂಡುಹಿಡಿಯೋದಕ್ಕೆ ಹೈಸ್ಕೂಲಿನ ಗಣಿತ ಸಾಕು. ಆಂಪು 4 ಓಮ್ ಸ್ಪೀಕರಿಗೆ ನಿಜವಾಗಿ 50 ವಾಟ್ ಕೊಡೋದಾದ್ರೆ 50ನ್ನು 4ರಿಂದ ಗುಣಿಸಿ, 200. ಅದರ ವರ್ಗಮೂಲ 14.1. ಅಂದ್ರೆ 14 ವೋಲ್ಟ್ ಹತ್ತಿರ ನಿಲ್ಲಿಸಬೇಕು. ಸ್ಪೀಕರ್ ತಂತಿ ಬಿಚ್ಚಿಡಿ, ಈಕ್ವಲೈಜರ್ರು, ಕ್ರಾಸೋವರ್ರು, ಬಾಸ್ ಬೂಸ್ಟು ಎಲ್ಲಾ ಆಫ್ ಮಾಡಿ. 50 ಹರ್ಟ್ಜ್‌ನ ಟೆಸ್ಟ್ ಟೋನ್ ಹಾಕಿ, ಹೆಡ್ ಯೂನಿಟ್ಟಿನ ವಾಲ್ಯೂಮನ್ನ ಮುಕ್ಕಾಲಿಗೆ ಇಡಿ. ಮಲ್ಟಿಮೀಟರನ್ನ ಎಸಿ ವೋಲ್ಟ್‌ಗೆ ಇಟ್ಟು, ಆಂಪಿನ ಸ್ಪೀಕರ್ ಟರ್ಮಿನಲ್ಲಿಗೆ ಹಿಡಿದು, ಗೇನ್ ತಿರುಪನ್ನ ನಿಧಾನಕ್ಕೆ ಏರಿಸ್ತಾ 14ಕ್ಕೆ ನಿಲ್ಲಿಸಿ. ಇಲ್ಲಿನವರು ‘ಪೆಲಾನ್ ಪೆಲಾನ್’ ಅಂತಾರಲ್ಲ, ಹಾಗೆ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರೋ ‘1000 ವಾಟ್’ ಲೆಕ್ಕಕ್ಕಿಲ್ಲ, ಕೈಪಿಡಿಯಲ್ಲಿ ಆರ್‌ಎಂಎಸ್ ಅಂತ ಸಣ್ಣಕ್ಷರದಲ್ಲಿ ಕೊಟ್ಟಿರೋದನ್ನ ಹಿಡೀರಿ.

ನಾಲ್ಕನೆಯದು ಕ್ರಾಸೋವರ್, ಯಾರು ಯಾವ ಕೆಲಸ ಮಾಡಬೇಕು ಅನ್ನೋ ಹಂಚಿಕೆ. ಬಾಗಿಲಿನ ಆರೂವರೆ ಇಂಚಿನ ಸ್ಪೀಕರಿಗೆ 40 ಹರ್ಟ್ಜ್ ಬಾರಿಸು ಅಂದ್ರೆ ಅದು ಒದ್ದಾಡುತ್ತೆ, ಆ ಒದ್ದಾಟದಲ್ಲಿ ಹಾಡುವವರ ದನಿಯೂ ಕಲಸಿಹೋಗುತ್ತೆ. 80 ಹರ್ಟ್ಜ್‌ಗಿಂತ ಕೆಳಗಿನದು ಸಬ್‌ವೂಫರಿಗೆ, ಮೇಲಿನದು ಬಾಗಿಲಿಗೆ ಅಂತ ಹಂಚಿ ಶುರು ಮಾಡಿ. ಸಣ್ಣ ಕಾರಿನೊಳಗೆ ತೀರಾ ಕೆಳಗಿನ ಸ್ವರಗಳು ತಾವಾಗೇ ಉಬ್ಬುತ್ತವೆ, ಹಾಗಾಗಿ ಸಬ್‌ವೂಫರಿನ ಮಟ್ಟ ನೀವು ಅಂದುಕೊಂಡಿದ್ದಕ್ಕಿಂತ ಕಮ್ಮಿಯೇ ಸಾಕು. ಅದು ಹಿಂದೆ ಡಿಕ್ಕಿಯಲ್ಲಿದೆ ಅಂತ ಕಿವಿಗೆ ಗೊತ್ತಾಗಬಾರದು. ಮೃದಂಗದ ಎಡಗೈ ಗುಂಕಾರ ಬೆನ್ನ ಹಿಂದಿನಿಂದಲೂ ಬಲಗೈ ಪೆಟ್ಟು ಎದುರಿನಿಂದಲೂ ಬಂದ್ರೆ ಮೃದಂಗವನ್ನೇ ಗರಗಸದಲ್ಲಿ ಕೊಯ್ದ ಹಾಗೆ. ಸಬ್‌ವೂಫರಿನ ಫೇಸ್ ಸ್ವಿಚ್ಚನ್ನ 0 ಮತ್ತು 180ರ ನಡುವೆ ಬದಲಾಯಿಸಿ ನೋಡಿ. ಯಾವುದರಲ್ಲಿ ಬಾಸ್ ತುಂಬಿಕೊಂಡು ಮುಂದೆ ಬರುತ್ತೋ ಅದು ಸರಿ.

ಐದನೆಯದು ನನಗೆ ತುಂಬಾ ಇಷ್ಟವಾದದ್ದು, ಟೈಮ್ ಅಲೈನ್‌ಮೆಂಟ್. ಮಲೇಷ್ಯಾದಲ್ಲೂ ನಮ್ಮಲ್ಲಿಯ ಹಾಗೆ ಡ್ರೈವರ್ ಬಲಗಡೆ ಕೂರ್ತಾನೆ. ಬಲಬಾಗಿಲಿನ ಸ್ಪೀಕರ್ ಕಿವಿಗೆ 90 ಸೆಂಟಿಮೀಟರ್, ಎಡಬಾಗಿಲಿನದ್ದು 140 ಅಂತ ಇಟ್ಕೊಳ್ಳಿ. ಇಲ್ಲಿನ ಸೆಕೆಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 35 ಸೆಂಟಿಮೀಟರ್ ಓಡುತ್ತೆ. ವ್ಯತ್ಯಾಸ 50, ಅಂದ್ರೆ ಬಲಗಡೆಯ ದನಿ 1.4 ಮಿಲಿಸೆಕೆಂಡ್ ಮೊದಲೇ ಬಂದು ಕೂತಿರುತ್ತೆ. ಇಷ್ಟೇ ಸಾಕು, ಇಡೀ ಗಾಯನ ನಿಮ್ಮ ಬಲಮೊಣಕಾಲಿನ ಹತ್ತಿರ ಬಂದು ಬೀಳುತ್ತೆ. ಬ್ಯಾಲೆನ್ಸನ್ನ ಎಡಕ್ಕೆ ತಿರುಗಿಸಿದ್ರೆ ಸದ್ದಿನ ಮಟ್ಟ ಮಾತ್ರ ಸರಿ ಹೋಗುತ್ತೆ, ಬಂದು ತಲುಪೋ ಹೊತ್ತು ಸರಿ ಹೋಗಲ್ಲ. ಡಿಎಸ್‌ಪಿ ಇರೋ ಹೆಡ್ ಯೂನಿಟ್ ಆದ್ರೆ ಟೇಪು ಹಿಡಿದು ಅಳೆದು, ದೂರವನ್ನ ಸೆಂಟಿಮೀಟರಲ್ಲೋ ಮಿಲಿಸೆಕೆಂಡಲ್ಲೋ ತುಂಬಬೇಕು. ಆಗ ಹತ್ತಿರದ ಸ್ಪೀಕರ್ ಅಷ್ಟು ಹೊತ್ತು ತಡೆದು ಹಾಡುತ್ತೆ.

ಸರಿ ಆಯ್ತಾ ಅಂತ ನೋಡೋದಕ್ಕೆ ನಮ್ಮ ಹಳೇ ಚಿತ್ರಗೀತೆಗಳಿಗಿಂತ ಒಳ್ಳೆ ಸಾಧನ ಇಲ್ಲ. ಅರವತ್ತರ ದಶಕದ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಹಾಡುಗಳ ಧ್ವನಿಮುದ್ರಣ ಮೋನೋ. ಅಂದ್ರೆ ಎಡ-ಬಲ ಎರಡಕ್ಕೂ ಒಂದೇ ಸಿಗ್ನಲ್. ಹೊಂದಾಣಿಕೆ ಸರಿಯಿದ್ರೆ ಅಷ್ಟೂ ದನಿ ಡ್ಯಾಶ್‌ಬೋರ್ಡಿನ ನಡುವಿನ ಒಂದೇ ಬಿಂದುವಿನಿಂದ ಬರಬೇಕು, ದೇವರ ಗೂಡಲ್ಲಿ ದೀಪ ಇಟ್ಟ ಹಾಗೆ. ಅಗಲಗಲ ಹರಡಿಕೊಂಡ್ರೆ ಇನ್ನೂ ಕೆಲಸ ಇದೆ ಅಂತ. (ಆಮೇಲೆ ಯಾರೋ ಸ್ಟೀರಿಯೋ ಅಂತ ತಿರುಚಿದ್ದು ಬೇಡ, ಮೂಲದ್ದೇ ಹುಡುಕಿ.) ಒಂದು ಎಚ್ಚರಿಕೆ, ಈ ಹೊಂದಾಣಿಕೆ ಡ್ರೈವರ್ ಸೀಟಿಗೆ ಮಾತ್ರ. ಪಕ್ಕದಲ್ಲಿ ಮನೆಯವರು ಕೂತಾಗ ಅವರ ಕಿವಿಗೆ ಎಲ್ಲಾ ಎಡವಟ್ಟು. ಇಬ್ಬರಿಗಾಗಿ ಇನ್ನೊಂದು ಸೆಟ್ಟಿಂಗ್ ಉಳಿಸಿಟ್ಟುಕೊಳ್ಳಿ, ಸಂಸಾರ ಚೆನ್ನಾಗಿರುತ್ತೆ :)

ಕೊನೆಗೆ ಈಕ್ವಲೈಜರ್. ಎಲ್ಲರೂ ಮೊದಲು ಕೈ ಹಾಕೋದೇ ಇದಕ್ಕೆ, ಹಾಕಬೇಕಾದ್ದು ಕೊನೆಗೆ. ಇಲ್ಲಿನ ನಿಯಮ ಒಂದೇ: ಏರಿಸೋದಕ್ಕಿಂತ ಇಳಿಸೋದು ಮೇಲು. 3 ಡೆಸಿಬೆಲ್ ಏರಿಸಿದ್ರೆ ಆ ಸ್ವರಕ್ಕೆ ಆಂಪು ಎರಡರಷ್ಟು ಶಕ್ತಿ ಕೊಡಬೇಕು, 10 ಡೆಸಿಬೆಲ್‌ಗೆ ಹತ್ತರಷ್ಟು! ಕಷ್ಟಪಟ್ಟು ಸರಿ ಮಾಡಿದ ಗೇನ್ ಲೆಕ್ಕ ಎಲ್ಲಾ ನೀರುಪಾಲು. ಎಲ್ಲಿ ಕಿವಿ ಚುಚ್ಚುತ್ತೋ ಅಲ್ಲಿ ಎರಡು ಮೂರು ಡೆಸಿಬೆಲ್ ಇಳಿಸಿ, ಹಿಂದೆ ಅಡಗಿದ್ದದ್ದು ತಾನೇ ಹೊರಗೆ ಬರುತ್ತೆ. ಫೋನಿನಲ್ಲಿ ಆರ್‌ಟಿಎ ಆಪ್ ಹಾಕ್ಕೊಂಡು ಪಿಂಕ್ ನಾಯ್ಸ್ ಬಿಟ್ಟು ನೋಡಿದ್ರೆ ದೊಡ್ಡ ಗುಡ್ಡಗಳು ಕಾಣ್ತವೆ. ಆದ್ರೆ ಫೋನಿನ ಮೈಕಿಗೆ ಕೆಳಗಿನ ಬಾಸ್ ಸರಿಯಾಗಿ ಕೇಳಿಸಲ್ಲ, ಪೂರ್ತಿ ನಂಬಬೇಡಿ.

ಕೊನೆಯ ತೀರ್ಪು ಕನ್ನಡ ವರ್ಣಮಾಲೆಯದು. ತಮಾಷೆ ಅಲ್ಲ! ‘ಸ’ದ ಸುಯ್ಯೆಂಬ ಸದ್ದಿನ ಬಲ ಹೆಚ್ಚಾಗಿ 5 ಕಿಲೋಹರ್ಟ್ಜ್‌ಗಿಂತ ಮೇಲೆ. ‘ಶ’ದ ಬಲ ಅದಕ್ಕಿಂತ ಕೆಳಗೆ, 3-4 ಕಿಲೋಹರ್ಟ್ಜ್ ಆಸುಪಾಸಿನಲ್ಲಿ. ಬಾಗಿಲಿನ ಸ್ಪೀಕರಿಗೂ ಟ್ವೀಟರಿಗೂ ಕೈ ಬದಲಾಗೋದು ಸಾಮಾನ್ಯವಾಗಿ ಇದೇ ಜಾಗದಲ್ಲಿ. ಅಲ್ಲಿ ಗುಂಡಿ ಬಿದ್ದು ಟ್ವೀಟರ್ ಮಾತ್ರ ಚೀರ್ತಾ ಇದ್ರೆ ‘ಶಶಿ’ ಹೋಗಿ ‘ಸಸಿ’ ಆಗ್ತಾಳೆ. ಸಿ. ಅಶ್ವಥ್ ಹಾಡಿದ ಶರೀಫರ ಪದ ಹಾಕಿ. ತುಂಬುಗಂಟಲಿನ ಆ ದನಿಯಲ್ಲಿ ‘ಸ’ ಬೇರೆ ‘ಶ’ ಬೇರೆ ಕೇಳ್ಬೇಕು, ಮಹಾಪ್ರಾಣದ ಉಸಿರು ಗೊತ್ತಾಗ್ಬೇಕು, ‘ಲ’-‘ಳ’ ಒಂದೇ ಆಗಬಾರದು. ಆಮೇಲೆ ದೊರೆಸ್ವಾಮಿ ಅಯ್ಯಂಗಾರರ ವೀಣೆ, ಮೀಟಿದ ಮೇಲೆ ಸ್ವರ ಎಷ್ಟು ಹೊತ್ತು ಉಳಿಯುತ್ತೆ ನೋಡಿ. ಕಡೆಗೆ ಯಕ್ಷಗಾನ, ಚಂಡೆಯ ಪೆಟ್ಟು ಭಾಗವತರ ಮಾತನ್ನ ನುಂಗಬಾರದು. ಈ ಮೂರೂ ಪಾಸಾದ್ರೆ ಉಳಿದ ಸಂಗೀತಕ್ಕೆ ಭಯ ಇಲ್ಲ. ಹಾಡಿನ ಫೈಲು ಮಾತ್ರ ಒಳ್ಳೆಯದಿರಲಿ. ಯಾವ ಕಾಲದ್ದೋ 128 ಕೆಬಿಪಿಎಸ್ ಎಂಪಿ3 ಇಟ್ಕೊಂಡು ಟ್ವೀಟರನ್ನ ಬೈದು ಪ್ರಯೋಜನ ಇಲ್ಲ.

ಇಷ್ಟು ಹೇಳಿ ಕಿವಿಯ ವಿಷಯ ಬಿಟ್ಟರೆ ತಪ್ಪಾಗುತ್ತೆ. ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧಕ್ಕರ್ಧ. 100 ಡೆಸಿಬೆಲ್ ಆದ್ರೆ 15 ನಿಮಿಷ. ಎಮ್ಇಎಕ್ಸ್ ಹೆದ್ದಾರಿಯ ಒಂದು ಪ್ರಯಾಣಕ್ಕೂ ಸಾಲಲ್ಲ! ಒಳಕಿವಿಯ ಕೂದಲುಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಅವು ಹೋಗುವಾಗ ಮೊದಲು ಹೋಗೋದು ಮೇಲಿನ ಸ್ವರಗಳೇ, ಅಂದ್ರೆ ನಮ್ಮ ‘ಸ’, ‘ಶ’ಗಳೇ. ಅಂಥ ಕಿವಿಗೆ ಯಾವ ಟ್ವೀಟರ್ ತಂದು ಹಾಕಿದರೂ ಅಷ್ಟೇ. ಮತ್ತೆ, ಇಲ್ಲಿನ ರಸ್ತೆಯಲ್ಲಿ ಕಪ್ಚಾಯ್ ಅನ್ನೋ ಸಣ್ಣ ಮೋಟಾರ್‌ಸೈಕಲ್ಲುಗಳು ಎರಡು ಕಾರುಗಳ ಸಂದಿಯಲ್ಲಿ ಸರ್ರಂತ ನುಗ್ತವೆ. ಅವರ ಹಾರ್ನ್ ನಮಗೆ ಕೇಳದಿದ್ರೆ ಹೋಗೋದು ಅವರ ಜೀವ.

ಟ್ಯೂನಿಂಗಿನ ನಿಜವಾದ ಲಾಭ ಇರೋದು ಇಲ್ಲೇ. ಮಾತು ಕೇಳದೇ ಇದ್ದಾಗ ನಾವು ವಾಲ್ಯೂಮ್ ಏರಿಸ್ತೀವಿ. ಎಲ್ಲಾ ಬಿಡಿಸಿ ಬಿಡಿಸಿ ಕೇಳುವಾಗ ಕೈ ತಾನಾಗೇ ವಾಲ್ಯೂಮ್ ಇಳಿಸುತ್ತೆ. ಹಾಗಾಗಿ ನಿಮ್ಮ ಸಿಸ್ಟಮ್ ಎಷ್ಟು ಚೆನ್ನಾಗಿದೆ ಅಂತ ಅಳೆಯೋದಕ್ಕೆ ಎಷ್ಟು ಜೋರಾಗಿ ಬಾರಿಸುತ್ತೆ ಅಂತ ನೋಡಬೇಡಿ. ಎಷ್ಟು ಮೆಲ್ಲಗೆ ಇಟ್ಟರೂ ಅಶ್ವಥ್ ಏನು ಹಾಡ್ತಿದ್ದಾರೆ ಅಂತ ಪೂರ್ತಿ ಅರ್ಥ ಆಗುತ್ತೆ ಅನ್ನೋದನ್ನ ನೋಡಿ. ಹೊಸ ಸಬ್‌ವೂಫರಿಗೆ ದುಡ್ಡು ಎಣಿಸೋ ಮೊದಲು ಒಂದು ಟೇಪು, ಒಂದು ಮಲ್ಟಿಮೀಟರು, ಒಂದು ಗಡಿಯಾರದ ಸೆಲ್ಲು ತಂದಿಟ್ಕೊಳ್ಳಿ. ಏನಂತೀರಿ?