ಹ್ಯಾಮ್ ರೇಡಿಯೊ: ಲೈಸೆನ್ಸ್ ಬಂತು, ದನಿ ಯಾಕೆ ಹೋಗುತ್ತಿಲ್ಲ?

ಹ್ಯಾಮ್ ರೇಡಿಯೊ ಎಂದರೆ ಹವ್ಯಾಸಿಗಳ ರೇಡಿಯೊ. ಇದರಲ್ಲಿ ನೀವು ಕೇಳಿಸಿಕೊಳ್ಳುವುದಷ್ಟೇ ಅಲ್ಲ, ಮಾತನಾಡಲೂಬಹುದು. ನಡುವೆ ಟವರ್ ಬೇಕಿಲ್ಲ, ಇಂಟರ್ನೆಟ್ ಬೇಕಿಲ್ಲ, ತಿಂಗಳ ಬಿಲ್ಲೂ ಇಲ್ಲ. ನಿಮ್ಮ ಸೆಟ್ಟು ಮತ್ತು ಆಂಟೆನಾ, ಆಚೆಯವರ ಸೆಟ್ಟು ಮತ್ತು ಆಂಟೆನಾ, ಇಷ್ಟಿದ್ದರೆ ಸಾಕು. ಮೊಬೈಲ್ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಪೋರ್ಟ್‌ಬ್ಲೇರ್‌ನಲ್ಲಿತ್ತು. ಅಂಡಮಾನಿನಿಂದ ಜಗತ್ತಿನ ಹ್ಯಾಮ್‌ಗಳೊಡನೆ, ಅಂದರೆ ಇಂಥ ಹವ್ಯಾಸಿಗಳೊಡನೆ, ಮಾತನಾಡುವುದು ಅವರ ಉದ್ದೇಶ. ಅದೇ ಹೊತ್ತಿಗೆ ಸುನಾಮಿ ಬಂತು. ಫೋನುಗಳು ಸತ್ತವು. ಹವ್ಯಾಸಕ್ಕೆಂದು ಒಯ್ದಿದ್ದ ಸೆಟ್ಟುಗಳೇ ಸುದ್ದಿ ಸಾಗಿಸಿದವು.

ಮಾತನಾಡಲು ಲೈಸೆನ್ಸ್ ಬೇಕೇ ಬೇಕು. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ಕೇಂದ್ರ ದೂರಸಂಪರ್ಕ ಇಲಾಖೆಯ ‘ಸರಳ ಸಂಚಾರ್’ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಎರಡು ದರ್ಜೆಗಳಿವೆ: ರಿಸ್ಟ್ರಿಕ್ಟೆಡ್ ಮತ್ತು ಜನರಲ್. ಎರಡಕ್ಕೂ ರೇಡಿಯೊ ತತ್ವ ಮತ್ತು ನಿಯಮಗಳ ಲಿಖಿತ ಪರೀಕ್ಷೆ ಇರುತ್ತದೆ. ಜನರಲ್ ದರ್ಜೆಗೆ ಮೋರ್ಸ್, ಅಂದರೆ ಚುಕ್ಕಿ-ಗೆರೆಗಳ ಸಂಕೇತ ಭಾಷೆ, ಕೂಡ ಬರಬೇಕು. ವಿಜ್ಞಾನ ಓದಿಲ್ಲವೆಂದು ಅಂಜಬೇಡಿ. ಹೈಸ್ಕೂಲಿನ ವಿದ್ಯುತ್ ಪಾಠ ನೆನಪಿದ್ದರೆ ಉಳಿದದ್ದನ್ನು ಕಲಿಯಬಹುದು. ಲೈಸೆನ್ಸ್ ಶುಲ್ಕ 20 ವರ್ಷಕ್ಕೆ 1,000 ರೂಪಾಯಿ, ಜೀವಮಾನಕ್ಕೆ 2,000. ಜೊತೆಗೆ ನಿಮ್ಮದೇ ಕರೆಸಂಕೇತ, ಅಂದರೆ ಕಾಲ್‌ಸೈನ್, ಸಿಗುತ್ತದೆ. ಅದು ಸಾಮಾನ್ಯವಾಗಿ ವಿಯು2 ಅಥವಾ ವಿಯು3 ಎಂದು ಶುರುವಾಗುತ್ತದೆ.

ಸೆಟ್ಟುಗಳಲ್ಲಿ ಎರಡು ಬಗೆ. ಕೈಯಲ್ಲಿ ಹಿಡಿಯುವ ವಿಎಚ್ಎಫ್ ಸೆಟ್ಟು 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಅದರ ಅಲೆಗಳು ಹೆಚ್ಚುಕಡಿಮೆ ಕಣ್ಣಳತೆಯ ನೇರದಲ್ಲೇ ಸಾಗುತ್ತವೆ. ನಡುವೆ ಗುಡ್ಡ ಬಂದರೆ ನಿಂತುಬಿಡಬಹುದು. ಅದಕ್ಕೇ ಎತ್ತರದ ಜಾಗದಲ್ಲಿ ರಿಪೀಟರ್ ಇಡುತ್ತಾರೆ. ನಿಮ್ಮ ದನಿಯನ್ನು ಹಿಡಿದು ಮತ್ತೆ ದೂರಕ್ಕೆ ಹರಡುವ ಯಂತ್ರ ಅದು. ಕೈಯಲ್ಲಿ ಹಿಡಿಯುವ ಸೆಟ್ಟು ಕೆಲವು ಸಾವಿರ ರೂಪಾಯಿಗೆ ಬರುತ್ತದೆ. ಎರಡನೆಯದು ಎಚ್ಎಫ್ ಸೆಟ್ಟು. ಅದರ ಅಲೆಗಳು ಮೇಲಿನ ಅಯಾನುಗೋಳದಿಂದ ಬಾಗಿ ಬಹುದೂರದಲ್ಲಿ ಇಳಿಯುತ್ತವೆ. ರಾಜ್ಯದೊಳಗಿನ, ಅಕ್ಕಪಕ್ಕದ ರಾಜ್ಯಗಳ ಮಾತುಕತೆಗೆ 7 ಮೆಗಾಹರ್ಟ್ಸ್, ಹಗಲಿನಲ್ಲಿ ದೂರದ ದೇಶಗಳಿಗೆ 14 ಮೆಗಾಹರ್ಟ್ಸ್ ಒಳ್ಳೆಯದು. ಹೊಸ ಎಚ್ಎಫ್ ಸೆಟ್ಟಿಗೆ ಲಕ್ಷದ ಆಸುಪಾಸು ಬೇಕಾಗುತ್ತದೆ. ಹಳೆಯದು ಕಡಿಮೆಗೆ ಸಿಗುತ್ತದೆ, ಆದರೆ ಲೈಸೆನ್ಸ್ ಇರುವವರಿಂದ ಕಾಗದಪತ್ರ ನೋಡಿಯೇ ಕೊಳ್ಳಿ.

ಆಂಟೆನಾವನ್ನು ಮಾತ್ರ ದುಡ್ಡು ಕೊಟ್ಟು ತರಬೇಡಿ, ನೀವೇ ಕಟ್ಟಿ. ಡೈಪೋಲ್ ಎಂದರೆ ಎರಡು ಸಮ ಉದ್ದದ ತಂತಿಗಳು, ನಡುವಿನಿಂದ ಇಳಿಯುವ ಒಂದು ಕೇಬಲ್. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್, ಅಂದರೆ ಒಂದೊಂದು ಕಡೆಗೆ ಹತ್ತು. ಶುರುವಿನಲ್ಲಿ ಸ್ವಲ್ಪ ಉದ್ದ ಬಿಟ್ಟು, ಅಳೆದು ಕತ್ತರಿಸುತ್ತ ಬನ್ನಿ. ತಂತಿ, ಕೇಬಲ್, ಕನೆಕ್ಟರ್ ಎಲ್ಲ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತವೆ. ವಿದ್ಯುತ್ ಲೈನಿನ ಹತ್ತಿರ ಮಾತ್ರ ಕಟ್ಟಬೇಡಿ. ಗುಡುಗು ಶುರುವಾಗುವ ಮೊದಲೇ ಕೇಬಲ್ ಕಳಚಿ ಮನೆಯ ಹೊರಗಿಡಿ.

ಈಗ ಮೊದಲ ಕರೆ. ಮೊದಲು ಎರಡು ನಿಮಿಷ ಸುಮ್ಮನೆ ಕೇಳಿ. ಚಾನೆಲ್ ಖಾಲಿ ಅನ್ನಿಸಿದರೆ ‘ಯಾರಾದರೂ ಇದ್ದೀರಾ’ ಎಂದು ಒಮ್ಮೆ ವಿಚಾರಿಸಿ. ಆಮೇಲೆ ‘ಸಿಕ್ಯೂ’ ಎಂದು ಕರೆದು ಕಾಲ್‌ಸೈನನ್ನು ಬಿಡಿಸಿ ಹೇಳಿ. ಸಿಕ್ಯೂ ಅಂದರೆ ಯಾರು ಬೇಕಾದರೂ ಉತ್ತರಿಸಬಹುದು ಎಂಬ ಆಹ್ವಾನ. ವ್ಯಾಪಾರದ ಮಾತು ಇಲ್ಲಿ ನಿಷಿದ್ಧ. ಪ್ರತಿ ಮಾತುಕತೆಯನ್ನೂ ಲಾಗ್ ಪುಸ್ತಕದಲ್ಲಿ ಬರೆದಿಡಿ.

ಕರೆದಿರಿ, ಯಾರೂ ಉತ್ತರಿಸಲಿಲ್ಲ. ಹೊಸಬರು ಕೂಡಲೇ ಸೆಟ್ಟಿನ ಮೇಲೆ ಅನುಮಾನಪಡುತ್ತಾರೆ. ಸೆಟ್ಟು ಬಿಚ್ಚುವುದು ಕಟ್ಟಕಡೆಯ ಕೆಲಸ. ಬಹುಪಾಲು ತೊಂದರೆ ಇರುವುದು ಅದರ ಹೊರಗೆ: ಸೆಟ್ಟಿಂಗಿನಲ್ಲಿ, ವಿದ್ಯುತ್ ಪೂರೈಕೆಯಲ್ಲಿ, ಕನೆಕ್ಟರಿನಲ್ಲಿ, ಕೇಬಲ್ಲಿನಲ್ಲಿ.

ರಿಪೀಟರ್ ನಿಮಗೆ ಕೇಳಿಸುತ್ತದೆ, ನೀವು ಅದಕ್ಕೆ ಕೇಳಿಸುವುದಿಲ್ಲ ಎಂದಾದರೆ ಆಫ್‌ಸೆಟ್ ನೋಡಿ. ರಿಪೀಟರ್ ಒಂದು ಆವರ್ತನದಲ್ಲಿ (ಫ್ರೀಕ್ವೆನ್ಸಿಯಲ್ಲಿ) ಕೇಳಿ ಇನ್ನೊಂದರಲ್ಲಿ ಮಾತನಾಡುತ್ತದೆ. ವಿಎಚ್ಎಫ್‌ನಲ್ಲಿ ಈ ಅಂತರ ಸಾಮಾನ್ಯವಾಗಿ 600 ಕಿಲೊಹರ್ಟ್ಸ್. ಕೆಲವು ರಿಪೀಟರುಗಳಿಗೆ ಟೋನ್ ಕೂಡ ಬೇಕು. ಅದು ನಿಮ್ಮ ದನಿಯ ಜೊತೆ ಹೋಗುವ ಸಣ್ಣ ಸದ್ದು. ಅದಿಲ್ಲದೆ ರಿಪೀಟರ್ ಬಾಗಿಲು ತೆರೆಯುವುದಿಲ್ಲ.

ಮಾತನಾಡುವ ಗುಂಡಿ ಒತ್ತಿದ ಕೂಡಲೇ ಎಚ್ಎಫ್ ಸೆಟ್ಟು ಆರಿಹೋಗುತ್ತಿದೆಯೇ? ಹಾಗಿದ್ದರೆ ಪವರ್ ಸಪ್ಲೈ ಮತ್ತು ಅದರ ತಂತಿಗಳನ್ನು ನೋಡಿ. 100 ವಾಟ್ ಸೆಟ್ಟು ಆ ಕ್ಷಣದಲ್ಲಿ 20 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ. ತಂತಿ ತೆಳುವಾಗಿದ್ದರೆ ಅಥವಾ ಸ್ಕ್ರೂ ಸಡಿಲವಾಗಿದ್ದರೆ 13.8 ವೋಲ್ಟ್ ಸೆಟ್ಟಿಗೆ ಬರುವಷ್ಟರಲ್ಲಿ ಕುಸಿದಿರುತ್ತದೆ. ಸುಮ್ಮನಿರುವಾಗ ಅಳೆದರೆ ಇದು ಗೊತ್ತಾಗದು. ಗುಂಡಿ ಒತ್ತಿದಾಗ, ಸೆಟ್ಟಿನ ಬುಡದಲ್ಲೇ ಅಳೆಯಿರಿ.

ಇನ್ನು ಎಸ್‌ಡಬ್ಲ್ಯುಆರ್. ಕಳಿಸಿದ ಶಕ್ತಿಯಲ್ಲಿ ಎಷ್ಟು ಆಂಟೆನಾದ ಕಡೆಯಿಂದ ವಾಪಸು ಬರುತ್ತಿದೆ ಎಂದು ತಿಳಿಸುವ ಅಳತೆ ಇದು. 1.5ರ ಒಳಗಿದ್ದರೆ ನಿಶ್ಚಿಂತೆ. 2 ಇದ್ದರೆ ಶೇ 11ರಷ್ಟು, 3 ಇದ್ದರೆ ಶೇ 25ರಷ್ಟು ಶಕ್ತಿ ಹಿಂದಿರುಗುತ್ತದೆ. 3 ದಾಟಿದರೆ ಮಾತು ನಿಲ್ಲಿಸಿ ದೋಷ ಹುಡುಕಿ. ಹುಡುಕಲು ಡಮ್ಮಿ ಲೋಡ್ ಬೇಕು. ಅದು 50 ಓಮಿನ ರೆಸಿಸ್ಟರ್; ಆಂಟೆನಾದ ಜಾಗದಲ್ಲಿ ನಿಂತು ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತದೆ. ಮೊದಲು ಅದನ್ನು ಎಸ್‌ಡಬ್ಲ್ಯುಆರ್ ಮೀಟರಿಗೇ ಜೋಡಿಸಿ. ಅಳತೆ 1ರ ಹತ್ತಿರವಿದ್ದರೆ ಸೆಟ್ಟು ನಿರ್ದೋಷಿ ಎಂದೇ ತಿಳಿಯಿರಿ. ಆಮೇಲೆ ಕೇಬಲ್ಲಿನ ಆಚೆ ತುದಿಗೆ, ಆಂಟೆನಾದ ಬದಲಿಗೆ ಜೋಡಿಸಿ. ಈಗ ಅಳತೆ ಕೆಟ್ಟರೆ ದೋಷ ಕೇಬಲ್ಲಿನದು ಅಥವಾ ಕನೆಕ್ಟರಿನದು. ಸರಿಯಿದ್ದರೆ ಆಂಟೆನಾ ಇಳಿಸಿ ನೋಡಿ. ಹೀಗೆ ಒಂದೊಂದೇ ತುಂಡನ್ನು ಬಿಡಿಸಿ ಪರೀಕ್ಷಿಸಿದರೆ ಹೊಸಬರಿಗೂ ದೋಷ ಸಿಗುತ್ತದೆ.

ಮಲೆನಾಡು, ಕರಾವಳಿಯವರು ಒಂದು ವಿಷಯ ಗಮನಿಸಿ. ಮಳೆನೀರು ಕೇಬಲ್ಲಿನೊಳಗೆ ಇಳಿದರೆ ಎಸ್‌ಡಬ್ಲ್ಯುಆರ್ ಕೆಲವೊಮ್ಮೆ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ! ಒದ್ದೆ ಕೇಬಲ್ ಹೋಗುವ ಶಕ್ತಿಯನ್ನೂ ನುಂಗುತ್ತದೆ, ಹಿಂದಿರುಗುವುದನ್ನೂ ನುಂಗುತ್ತದೆ. ಹೀಗಾಗಿ ಮೀಟರಿಗೆ ದೋಷ ಕಾಣುವುದೇ ಇಲ್ಲ. ಮಳೆಗಾಲದ ನಂತರ ಅಳತೆ ಚೆನ್ನಾಗಿದೆ, ಆದರೆ ಯಾರಿಗೂ ದನಿ ಮುಟ್ಟುತ್ತಿಲ್ಲ ಎಂದಾದರೆ ಕನೆಕ್ಟರ್ ಬಿಚ್ಚಿ ನೋಡಿ. ತಾಮ್ರದ ಹೆಣಿಗೆ ಕಪ್ಪು ಅಥವಾ ಹಸಿರಾಗಿದ್ದರೆ ಆ ಕೇಬಲ್ ಎಸೆಯಿರಿ. ಹೊಸದಕ್ಕೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪು ಸುತ್ತಿ, ಮನೆಯೊಳಗೆ ಬರುವ ಮುನ್ನ ಕೇಬಲ್ಲನ್ನು ಕೆಳಗೆ ಜೋಲುಬಿಟ್ಟು ಮತ್ತೆ ಮೇಲೇರಿಸಿ. ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿಹೋಗುತ್ತದೆ.

ಕೇಳುವಾಗ ಬರೀ ಗೊರಗೊರ ಬಂದರೆ ಸೆಟ್ಟನ್ನು ಬ್ಯಾಟರಿಗೆ ಜೋಡಿಸಿ, ಮನೆಯ ಮೇನ್ ಸ್ವಿಚ್ ಆರಿಸಿ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್‌ಗಳನ್ನು ಒಂದೊಂದಾಗಿ ಹಚ್ಚಿ ಪತ್ತೆಮಾಡಿ.

ಮೀಟರು, ಡಮ್ಮಿ ಲೋಡ್ ಎಲ್ಲವನ್ನೂ ನೀವೇ ಕೊಳ್ಳಬೇಕೇ? ಬೇಕಿಲ್ಲ, ಅದಕ್ಕೇ ಕ್ಲಬ್ ಇರುವುದು. ಬೆಂಗಳೂರಿನ ಅಮೆಚೂರ್ ರೇಡಿಯೊ ಕ್ಲಬ್ ಹಳೆಯದು, 1959ರಲ್ಲಿ ಶುರುವಾದದ್ದು. ಪರೀಕ್ಷೆಗೆ ತರಬೇತಿ ಕೊಡುವ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಕೂಡ ಬೆಂಗಳೂರಿನಲ್ಲೇ ಇದೆ. ಮಂಗಳೂರಿನಲ್ಲೂ ಕ್ಲಬ್ ಇದೆ. ಕ್ಲಬ್ಬುಗಳಲ್ಲಿ ನೆಟ್ ನಡೆಯುತ್ತದೆ. ನಿಗದಿತ ಹೊತ್ತಿಗೆ ಎಲ್ಲರೂ ಒಂದೇ ಚಾನೆಲ್ಲಿನಲ್ಲಿ ಸೇರಿ, ಒಬ್ಬರು ಹೆಸರು ಕರೆದಂತೆ ಸರದಿಯಲ್ಲಿ ಮಾತನಾಡುವುದು ನೆಟ್. ನಿಮ್ಮ ದನಿ ಹೇಗಿದೆ ಎಂದು ಅಲ್ಲಿ ಕೇಳಿದರೆ ನೇರವಾಗಿ ಹೇಳುತ್ತಾರೆ. ಫಾಕ್ಸ್ ಹಂಟ್ ಎಂಬ ಆಟವೂ ಉಂಟು. ಬಚ್ಚಿಟ್ಟ ಟ್ರಾನ್ಸ್‌ಮಿಟರನ್ನು ಸಿಗ್ನಲ್ ಜಾಡಿನಲ್ಲೇ ಹುಡುಕುವುದು ಅದು. ಸೆಟ್ಟನ್ನು ಎದೆಗೊತ್ತಿ ನಿಧಾನವಾಗಿ ತಿರುಗಿ. ಸಿಗ್ನಲ್ ಅತಿ ಕ್ಷೀಣವಾದಾಗ ಟ್ರಾನ್ಸ್‌ಮಿಟರ್ ನಿಮ್ಮ ಬೆನ್ನ ಹಿಂದಿರುತ್ತದೆ, ಏಕೆಂದರೆ ನಿಮ್ಮ ಮೈಯೇ ಅದನ್ನು ತಡೆದಿರುತ್ತದೆ. ಮಕ್ಕಳನ್ನು ಇದಕ್ಕೆ ಕರೆದೊಯ್ಯಿರಿ.

ಆದ್ದರಿಂದ ಸೆಟ್ಟಿಗೆ ದುಡ್ಡು ಹಾಕುವ ಮೊದಲು ಹತ್ತಿರದ ಕ್ಲಬ್ಬಿಗೆ ಒಂದು ಭಾನುವಾರ ಹೋಗಿ ಬನ್ನಿ. ಲೈಸೆನ್ಸ್ ಇರುವವರ ಪಕ್ಕದಲ್ಲಿ ಕುಳಿತು ಕೇಳಿ, ಅವರ ಆಂಟೆನಾ ನೋಡಿ, ಯಾವ ಸೆಟ್ಟು ಕೊಳ್ಳಲಿ ಎಂದು ಅವರನ್ನೇ ವಿಚಾರಿಸಿ.