ಎಂಟು ಸಲದ ಉಮೇದುವಾರ

ಪ್ರತಿ ಚುನಾವಣೆಯಲ್ಲಿಯೂ ನಾಮಪತ್ರ ಸಲ್ಲಿಸಿ, ಪ್ರತಿ ಚುನಾವಣೆಯಲ್ಲಿಯೂ ಠೇವಣಿ ಕಳೆದುಕೊಳ್ಳುವ ಮಹನೀಯರು ನಮ್ಮಲ್ಲಿಯೂ ಉಂಟು. ಅವರನ್ನು ಕಂಡು ನಕ್ಕು ಮರೆಯುವುದು ನಮ್ಮ ವಾಡಿಕೆ. ಅಮೆರಿಕದವರೂ ಲಿಂಡನ್ ಲರೂಷನನ್ನು ಕಂಡು ಹೀಗೆಯೇ ನಕ್ಕರು; ಮರೆಯುವುದು ಮಾತ್ರ ಸುಲಭವಾಗಲಿಲ್ಲ. 1976ರಿಂದ 2004ರವರೆಗೆ ಒಂದು ಸಲವೂ ತಪ್ಪದೆ, ಎಂಟು ಬಾರಿ ಆತ ಅಧ್ಯಕ್ಷ ಪದವಿಯ ಉಮೇದುವಾರನಾದ. ಅದರಲ್ಲಿ ಒಂದು ಸಲ ಸೆರೆಮನೆಯೊಳಗಿನಿಂದಲೇ!

ಆತ ಹುಟ್ಟಿದ್ದು 1922ರಲ್ಲಿ, ನ್ಯೂ ಹ್ಯಾಂಪ್‌ಷೈರಿನ ಒಂದು ಕ್ವೇಕರ್ ಕುಟುಂಬದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಶಸ್ತ್ರ ಹಿಡಿಯೆನೆಂದು ಮೊದಲು ದೂರ ನಿಂತು, ಆಮೇಲೆ ಸೈನ್ಯ ಸೇರಿ ಭಾರತ, ಬರ್ಮಾಗಳಲ್ಲಿ ದುಡಿದ. ಊರಿಗೆ ಮರಳಿದ ಮೇಲೆ ಟ್ರಾಟ್‌ಸ್ಕಿವಾದಿ. 1960ರ ದಶಕದ ಕೊನೆಗೆ ನ್ಯೂಯಾರ್ಕಿನ ವಿದ್ಯಾರ್ಥಿಗಳಿಗೆ ಮಾರ್ಕ್ಸ್‌ವಾದದ ಪಾಠ ಹೇಳುವ ಗುರು. 1973ರಲ್ಲಿ ಆತನ ಶಿಷ್ಯರೇ ಕಮ್ಯೂನಿಸ್ಟರ ಸಭೆಗಳಿಗೆ ನುಗ್ಗಿ ಹೊಡೆದರು. ಆಮೇಲೆ ಗಾಳಿ ಬಲಕ್ಕೆ ತಿರುಗಿತು. 1984ರಲ್ಲಿ ಟೆಲಿವಿಷನ್ನಿನಲ್ಲಿ ಅರ್ಧರ್ಧ ಗಂಟೆಯ ವೇಳೆಯನ್ನು ಹಣ ತೆತ್ತು ಕೊಂಡು ಉಪನ್ಯಾಸ ಮಾಡಿದ. ವಿಚಿತ್ರ ವಾದಗಳಿಗೂ ಹಣ ಬೇಕಷ್ಟೆ; ಅದು ಎಲ್ಲಿಂದ ಬಂತೆಂಬುದು ಮುಂದೆ ತಿಳಿಯಿತು.

1986ರ ಮಾರ್ಚಿಯಲ್ಲಿ ಇಲಿನಾಯ್ ರಾಜ್ಯದ ಡೆಮೊಕ್ರಾಟಿಕ್ ಪಕ್ಷದ ಒಳಚುನಾವಣೆಯಲ್ಲಿ ಲರೂಷನ ಇಬ್ಬರು ಅನುಯಾಯಿಗಳು ಗೆದ್ದುಬಿಟ್ಟರು. ಮತದಾರರಲ್ಲಿ ಬಹುಮಂದಿಗೆ ಅವರಾರೆಂದೇ ಗೊತ್ತಿರಲಿಲ್ಲ. ಚೀಟಿಯಲ್ಲಿದ್ದ ಹಾರ್ಟ್, ಫೇರ್‌ಚೈಲ್ಡ್ ಎಂಬ ಹೆಸರುಗಳು ಪಕ್ಷದ ಅಧಿಕೃತ ಉಮೇದುವಾರರ ಹೆಸರುಗಳಿಗಿಂತ ಕಿವಿಗೆ ಪರಿಚಿತವಾಗಿದ್ದುದೇ ಕಾರಣವೆಂದು ಹಲವರು ಊಹಿಸಿದರು. ರಾಜ್ಯದ ಗವರ್ನರ್ ಸ್ಥಾನಕ್ಕೆ ನಿಂತಿದ್ದ ಅಡ್ಲಾಯ್ ಸ್ಟೀವನ್‌ಸನ್ (ಐಸೆನ್‌ಹೋವರನೆದುರು ಎರಡು ಸಲ ಸೋತ ಸ್ಟೀವನ್‌ಸನ್ನನ ಮಗ) ಇಂಥವರ ಜೊತೆಗೆ ನಿಲ್ಲೆನೆಂದು ಬೇರೆ ಪಕ್ಷ ಕಟ್ಟಿದ, ಸೋತ. ನಗುತ್ತಿದ್ದವರ ನಗು ಅಡಗಿದ್ದು ಆಗ.

ಅದೇ ಅಕ್ಟೋಬರಿನಲ್ಲಿ ವರ್ಜೀನಿಯಾದ ಲೀಸ್‌ಬರ್ಗಿನಲ್ಲಿದ್ದ ಆತನ ಕಛೇರಿಗಳ ಮೇಲೆ ದಾಳಿ ನಡೆಯಿತು. ಬೆಂಬಲಿಗರನ್ನು ಟೆಲಿಫೋನಿನಲ್ಲಿ ಕಾಡಿ ಬೇಡಿ ಸಾಲ ಎತ್ತಿದ್ದರು. ಕೊಟ್ಟವರಲ್ಲಿ ವೃದ್ಧರೇ ಬಹಳ. ತೀರದೆ ಉಳಿದ ಸಾಲ 3 ಕೋಟಿ ಡಾಲರಿಗೂ ಮೀರಿತ್ತೆಂದು ಸರ್ಕಾರದ ಪಕ್ಷ ವಾದಿಸಿತು. 1988ರ ಡಿಸೆಂಬರಿನಲ್ಲಿ ಜೂರಿಯು ಆತನನ್ನು ವಂಚನೆಯ ಅಪರಾಧಿಯೆಂದಿತು. ಮರುತಿಂಗಳು 15 ವರ್ಷಗಳ ಶಿಕ್ಷೆಯಾಯಿತು. ಇದು ರಾಜಕೀಯ ಕಿರುಕುಳವೆಂದು ಅನುಯಾಯಿಗಳು ಗೋಳಿಟ್ಟರು. ಹಿಂದೆ ಆ ದೇಶದ ಅಟಾರ್ನಿ ಜನರಲ್ ಆಗಿದ್ದ ರ್ಯಾಮ್ಸೆ ಕ್ಲಾರ್ಕನೇ ಮೇಲ್ಮನವಿಯಲ್ಲಿ ಆತನ ಪರ ನಿಂತರೂ ತೀರ್ಪು ಬದಲಾಗಲಿಲ್ಲ. ನನಗಂತೂ ಆ ಕಿರುಕುಳದ ಮಾತನ್ನು ಓದುವಾಗಲೆಲ್ಲ, ಬಾಳಿನ ಉಳಿತಾಯವನ್ನೆಲ್ಲ ಟೆಲಿಫೋನಿನ ಒಂದು ದನಿಯನ್ನು ನಂಬಿ ಕೊಟ್ಟ ಮುದುಕರೇ ಕಣ್ಣೆದುರು ನಿಲ್ಲುತ್ತಾರೆ.

ಸೆರೆಯಾಳು ಅಧ್ಯಕ್ಷ ಪದವಿಗೆ ನಿಲ್ಲುವುದೆಂತು? ಅಮೆರಿಕದ ಸಂವಿಧಾನ ಕೇಳುವುದು ಹುಟ್ಟಿನಿಂದ ಬಂದ ಪೌರತ್ವ, 35 ವರ್ಷ ವಯಸ್ಸು, 14 ವರ್ಷಗಳ ವಾಸ, ಇಷ್ಟನ್ನೇ. 1920ರಲ್ಲಿ ಸಮಾಜವಾದಿ ಯೂಜೀನ್ ಡೆಬ್ಸ್ ಅಟ್ಲಾಂಟಾದ ಸೆರೆಮನೆಯಿಂದಲೇ ನಿಂತು 9 ಲಕ್ಷಕ್ಕೂ ಮೀರಿ ಮತ ಗಳಿಸಿದ್ದ. ಆದರೆ ಡೆಬ್ಸ್ ಸೆರೆ ಸೇರಿದ್ದು ಯುದ್ಧವನ್ನು ವಿರೋಧಿಸಿ ಆಡಿದ ಒಂದು ಭಾಷಣಕ್ಕಾಗಿ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ನಮ್ಮ 1951ರ ಪ್ರಜಾಪ್ರತಿನಿಧಿತ್ವ ಕಾಯಿದೆಯಾದರೋ, ಎರಡು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟು ಶಿಕ್ಷೆಯಾದವನನ್ನು ಬಿಡುಗಡೆಯ ಮೇಲೂ ಆರು ವರ್ಷ ಕಣದಿಂದ ಹೊರಗಿಡುತ್ತದೆ. ಅಲ್ಲಿಯ ವಿಚಿತ್ರ ಇನ್ನೊಂದು: ಬಹುಪಾಲು ರಾಜ್ಯಗಳಲ್ಲಿ ಶಿಕ್ಷೆಯ ಸೆರೆಯಾಳಿಗೆ ಮತ ಕೇಳುವ ಹಕ್ಕುಂಟು, ಹಾಕುವ ಹಕ್ಕಿಲ್ಲ.

1992ರಲ್ಲಿ, ಹೊರಗೆ ಮಾರ್ಟಿನ್ ಲೂಥರ್ ಕಿಂಗರ ಹಳೆಯ ಸಹೋದ್ಯೋಗಿ ಜೇಮ್ಸ್ ಬೆವೆಲ್ ಉಪಾಧ್ಯಕ್ಷ ಪದವಿಯ ಉಮೇದುವಾರನಾಗಿ ಪ್ರಚಾರ ಮಾಡುತ್ತಿರಲು, ಒಳಗಿದ್ದ ಲರೂಷನಿಗೆ ದೊರೆತದ್ದು ಸುಮಾರು 26 ಸಾವಿರ ಮತ. 1994ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ. 2000ರಲ್ಲಿ ಅರ್ಕಾನ್ಸಾಸಿನ ಒಳಚುನಾವಣೆಯಲ್ಲಿ, ಅಂದಿನ ಉಪಾಧ್ಯಕ್ಷ ಆಲ್ ಗೋರನೆದುರು, ನೂರಕ್ಕೆ ಸುಮಾರು 22 ಮಂದಿ ಈ ಮಾಜಿ ಸೆರೆಯಾಳಿಗೆ ಮತ ಕೊಟ್ಟರು. ಆತ ತೀರಿಕೊಂಡದ್ದು 2019ರ ಫೆಬ್ರವರಿಯಲ್ಲಿ, 96ನೆಯ ವಯಸ್ಸಿನಲ್ಲಿ. ತಾನು ತಪ್ಪು ಮಾಡಿದೆನೆಂದು ಆತ ಒಪ್ಪಿಕೊಳ್ಳಲಿಲ್ಲ.